ಗಿಡದ ನೆಗಡಿ, ಮಂದಿ ನೆಗಡಿ

ಆ ವರ್ಷ ಶಿವರಾತ್ರಿ ಹತ್ತಿರ ಬಂದಾಗ, ನಾನು ದುಡಿದು ಕಟ್ಟಿಸಿದ ಮನೆಯಲ್ಲೇ ಒಂದು ಕೋಣೆಗೆ ನಾನು ಕಾಲಿಡುವಂತಿಲ್ಲ ಎಂದಾಯಿತು. ಕಂಪ್ಲಿಯ ನಮ್ಮ ಮನೆ ದೊಡ್ಡದೇನಲ್ಲ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಪಕ್ಕಕ್ಕೆ ಒಂದು ಕೋಣೆ. ಆ ಕೋಣೆಯಲ್ಲಿ ಬಾಣಂತನಕ್ಕೆ ಬಂದ ಮಗಳು ಇದ್ದಳು. ಅವಳ ಮಗ್ಗುಲಲ್ಲಿ ನನ್ನ ಮೊದಲ ಮೊಮ್ಮಗಳು.

ಕೂಸು ದಿನ ತುಂಬುವ ಮೊದಲೇ ಹುಟ್ಟಿತ್ತು. ಹೊಸಪೇಟೆಯ ಆಸ್ಪತ್ರೆಯವರು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಿಕೊಂಡು, ಮೈಗೆ ಸ್ವಲ್ಪ ಮಾಂಸ ಹತ್ತಿದ ಮೇಲೆ ಮನೆಗೆ ಕಳಿಸಿದ್ದರು. ಕಳಿಸುವಾಗ ಮಕ್ಕಳ ಡಾಕ್ಟರಮ್ಮ ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿಕೊಂಡು ಹೇಳಿದ್ದರು: "ಇದಕ್ಕ ನೆಗಡಿ ಹತ್ತಬಾರದು ನೋಡ್ರಿ. ನಮಗ ನಿಮಗ ಮೂಗಿನಾಗ ಇದ್ದು ಹೋಗೋದು, ಇದಕ್ಕ ಎದಿಗೆ ಇಳಿತೈತಿ. ಕೆಮ್ಮು ನೆಗಡಿ ಇದ್ದೋರು ತಾತ ಆಗಲಿ, ಅಜ್ಜಿ ಆಗಲಿ, ಹತ್ರ ಹೋಗಬ್ಯಾಡ್ರಿ."

ಆ ಮಾತನ್ನು ನನ್ನ ಹೆಂಡತಿ ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಳು. ನನಗೋ ಪ್ರತಿ ವರ್ಷ ಆ ದಿನಗಳಲ್ಲೇ ಸೀನು ಶುರುವಾಗುತ್ತದೆ. ಒಂದು ಸೀನಿ ಸುಮ್ಮನಾಗುವ ಜಾತಿಯಲ್ಲ ನನ್ನದು. ಶುರುವಾಯಿತೆಂದರೆ ಸಾಲುಸಾಲಾಗಿ ಬರುತ್ತವೆ; ನಿಂತವಲ್ಲ ಎಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಇನ್ನೊಂದು ಸಾಲು. ಕಣ್ಣು ಕೆಂಪಗೆ, ಮೂಗು ಸೋರುತ್ತಲೇ ಇರುತ್ತದೆ.

"ಅಲ್ಲೇ ನಿಂದ್ರಿ. ಹೊಸ್ತಿಲು ದಾಟಬ್ಯಾಡ್ರಿ," ಎಂದಳು ಹೆಂಡತಿ, ಬಾಗಿಲಿಗೆ ಅಡ್ಡ ನಿಂತು.

"ನೆಗಡಿ ಅಲ್ಲಲೇ ಇದು, ಧೂಳು."

"ಧೂಳಿಗೆ ಇಷ್ಟು ನೀರು ಬರ್ತಾವೇನ್ರಿ? ಮೂಗೋ, ಬೀದಿ ನಳಾನೋ?"

ಒಳಗಿನಿಂದ ಮಗಳು ನಕ್ಕಳು. "ಅಪ್ಪಾ, ಅಲ್ಲಿಂದನಾ ನೋಡು, ಎತ್ತಿ ತೋರಿಸ್ತೀನಿ," ಎಂದು ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿ ಹಿಡಿದಳು. ನನಗೆ ಕಂಡದ್ದು ಒಂದು ಟೋಪಿ ಮತ್ತು ಅದರ ಕೆಳಗೆ ನನ್ನ ಹೆಬ್ಬೆರಳಿನ ಉಗುರಿನಷ್ಟು ಮೂಗು. ಅಷ್ಟರಲ್ಲಿ ಮತ್ತೊಂದು ಸೀನು ಬಂದು, ನಾನೇ ಓಡಿ ಅಂಗಳಕ್ಕೆ ಹೋದೆ.

ನನ್ನ ಕೆಲಸ ಬಳ್ಳಾರಿ ಜಾಲಿ ಕಡಿಸುವುದು. ನಮ್ಮ ಸೀಮೆಯಲ್ಲಿ ಕಾಲುವೆ ದಂಡೆ, ಬೀಳು ಹೊಲ, ರಸ್ತೆ ಬದಿ, ಎಲ್ಲಿ ನೋಡಿದರೂ ಆ ಮುಳ್ಳುಗಿಡ ತಾನೇ ಬೆಳೆದು ನಿಲ್ಲುತ್ತದೆ. ಹೊಲದವರು ಅದನ್ನು ಬೈಯುತ್ತಾರೆ. ನಾನು ಬೈದಿಲ್ಲ. ಸಂಡೂರು ತಾಲೂಕಿನ ಚೋರನೂರಿನಲ್ಲಿ ಹುಟ್ಟಿದವನು ನಾನು. ಐದನೆಯ ಇಯತ್ತೆಗೆ ಶಾಲೆ ಬಿಟ್ಟು, ಅದಿರಿನ ಲಾರಿಗಳಿಗೆ ಲೋಡ್ ಮಾಡುತ್ತಾ ಬೆಳೆದೆ. ಗಣಿಗಳು ನಿಂತುಹೋದಾಗ ಕೈಯಲ್ಲಿ ಕೆಲಸ ಇಲ್ಲ. ಆಗ ಒಂದು ಕೊಡಲಿ ಹಿಡಿದು ಜಾಲಿಯ ಮೆಳೆಗೆ ನುಗ್ಗಿದವನು, ಇವತ್ತು ಎರಡು ಗರಗಸದ ಮಷಿನ್, ಒಂದು ಟ್ರ್ಯಾಕ್ಟರ್ ಇಟ್ಟಿದ್ದೇನೆ. ಹೊಸಪೇಟೆಯ ಬೇಕರಿಗಳಿಗೆ, ಇಟ್ಟಿಗೆ ಭಟ್ಟಿಗಳಿಗೆ ನನ್ನ ಕಟ್ಟಿಗೆಯೇ ಹೋಗುತ್ತದೆ. ಹಂಪಿ ಬಜಾರಿನ ಹಿಂದಿನ ಗುಡ್ಡದ ಬುಡದಲ್ಲಿ, ಕಲ್ಲುಮಂಟಪಗಳಿಗೆ ಹಬ್ಬಿದ್ದ ಜಾಲಿಯನ್ನು ಒಂದು ಕಲ್ಲಿಗೂ ಪೆಟ್ಟು ಬೀಳದ ಹಾಗೆ ಬೋಳಿಸಿದ್ದೇನೆ. ಆ ಕೆಲಸವನ್ನು ಯಾರು ಬೇಕಾದರೂ ಹೋಗಿ ನೋಡಬಹುದು.

ಹಾಗಾಗಿ ಮಗಳ ಬಾಣಂತನಕ್ಕೆ ನೀರು ಕಾಯುವ ಹಂಡೆಯ ಕೆಳಗೆ ಬೇರೆಯವರ ಕಟ್ಟಿಗೆ ಉರಿಯಬಾರದು ಎಂಬ ಹಠ ನನಗೆ. ದಿನಾ ಸಂಜೆ ಮೆಳೆಯಿಂದ ನೇರವಾಗಿ ಬಂದು, ಮೈಮೇಲಿನ ಅಂಗಿ ಸಮೇತ, ಕೋಣೆಯ ಕಿಟಕಿಯ ಕೆಳಗೇ ಕಟ್ಟಿಗೆ ಒಟ್ಟುತ್ತಿದ್ದೆ. ಒಣಗಿದ್ದರ ಜೊತೆಗೆ ಹೂಬಿಟ್ಟ ಹಸಿ ಟೊಂಗೆಗಳೂ ಬರುತ್ತಿದ್ದವು. ಜಾಲಿಯ ಹೂವು ಹೂವಿನ ಹಾಗೆ ಕಾಣುವುದಿಲ್ಲ, ದೀಪದ ಬತ್ತಿಯ ಹಾಗೆ ಹಳದಿ ಹಸಿರಾಗಿ ಜೋತುಬಿದ್ದಿರುತ್ತದೆ. ಕೊಡವಿದರೆ ಟವೆಲ್ಲು ಹಳದಿಯಾಗುತ್ತದೆ.

ಇತ್ತ ಒಳಗೆ ಹೆಂಡತಿ, ನೆಗಡಿಯ ಗಾಳಿ ಕೂಸಿಗೆ ತಾಗದಿರಲಿ ಎಂದು ಕೆಂಡದ ಮೇಲೆ ಲೋಬಾನ, ಅಜವಾನ ಹಾಕಿ ಮನೆಯೆಲ್ಲ ಹೊಗೆ ಹಿಡಿಸುತ್ತಿದ್ದಳು. ಆ ಹೊಗೆ ಪಡಸಾಲೆಗೆ ಬಂದರೆ ನನಗೆ ಸೀನು ದುಪ್ಪಟ್ಟು. ನಾನು ಹೆಚ್ಚು ಸೀನಿದಷ್ಟೂ ಅವಳು ಹೆಚ್ಚು ಹೊಗೆ ಹಾಕುವಳು.

ಮೆಡಿಕಲ್ ಶಾಪಿಗೆ ಹೋದೆ. ಅಲ್ಲಿಯವನು ಪ್ರತಿ ವರ್ಷದಂತೆ ಕೆಂಪು, ಬಿಳಿ, ಹಳದಿ ಗುಳಿಗೆ ಸೇರಿಸಿ ಕಾಗದದಲ್ಲಿ ಕಟ್ಟಿ ಒಂದು 'ಸೆಟ್' ಕೊಟ್ಟ. ಅದನ್ನು ನುಂಗಿದರೆ ಮೂಗು ಒಂದಿಷ್ಟು ಹೊತ್ತು ಒಣಗುತ್ತದೆ, ಆದರೆ ಮಧ್ಯಾಹ್ನ ಗರಗಸ ಹಿಡಿದಾಗ ಕಣ್ಣು ಎಳೆಯುತ್ತದೆ. ಗರಗಸದ ಮುಂದೆ ತೂಕಡಿಸಿದ ಮನುಷ್ಯನ ಕೈ ಏನಾಗುತ್ತದೆ ಎಂದು ನೋಡಿದ್ದೇನೆ. ಉಳಿದ ಪೊಟ್ಟಣವನ್ನು ಒಲೆಗೆ ಹಾಕಿದೆ.

ಹೀಗೆಯೇ ದಿನಗಳು ಹೋದವು. ಪಕ್ಕದ ಮನೆಯವರು ಬಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೋಗುವರು. ನಾನು ಹೊಸ್ತಿಲಾಚೆ ನಿಂತು ಟೋಪಿ ನೋಡುವೆನು.

ಕೂಸನ್ನು ಮತ್ತೆ ಡಾಕ್ಟರಿಗೆ ತೋರಿಸುವ ದಿನ ಬಂತು. ಹೆಂಡತಿ, ಮಗಳು, ಕೂಸು ಕಾರಿನ ಹಿಂದಿನ ಸೀಟಿನಲ್ಲಿ. ನಾನು ಮುಂದೆ, ಕಿಟಕಿಯಿಂದ ಮೂತಿ ಹೊರಗೆ ಹಾಕಿಕೊಂಡು. ಹೊಸಪೇಟೆಯ ಆಸ್ಪತ್ರೆಯಲ್ಲಿ ಅವರೆಲ್ಲ ಒಳಗೆ ಹೋದರು, ನಾನು ಹೊರಗಿನ ಬೆಂಚಿನ ತುದಿಯಲ್ಲಿ ಕುಳಿತೆ. ಸೀನಿದೆ. ಪಕ್ಕದಲ್ಲಿ ಕುಳಿತಿದ್ದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬೇರೆ ಬೆಂಚಿಗೆ ಹೋದರು. ಮತ್ತೆ ಸೀನಿದೆ.

ಒಳಗಿನಿಂದ ಡಾಕ್ಟರಮ್ಮನ ದನಿ ಕೇಳಿತು: "ಯಾರ್ರಿ ಅದು ಹೊರಗ ಪಟಾಕಿ ಹೊಡಿಯೋರು?"

"ನಮ್ಮ ಮನಿಯೋರ್ರಿ," ಎಂದಳು ಹೆಂಡತಿ, ತಪ್ಪು ತನ್ನದೇ ಎಂಬಂತೆ. "ಶಿವರಾತ್ರಿಗಿಂತ ಮೊದಲಿಂದ ಹಿಂಗಾ ಅದಾರ. ಕೂಸಿನ ಕಡಿ ಬಿಟ್ಟಿಲ್ರಿ ನಾನು."

ಕೂಸನ್ನು ನೋಡಿ ಮುಗಿಸಿ ಅವರನ್ನು ಹೊರಗೆ ಕೂರಿಸಿದ ಮೇಲೆ ಡಾಕ್ಟರಮ್ಮ ನನ್ನನ್ನು ಕರೆದರು. ನಾನು ಟವೆಲ್ಲು ಮೂಗಿಗೆ ಒತ್ತಿಕೊಂಡೇ ಒಳಗೆ ಹೋದೆ.

"ಪ್ರತಿ ವರ್ಷ ಬರ್ತೈತಾ ಇದು?"

"ಬರ್ತೈತ್ರಿ. ಇದಾ ಟೈಮಿಗೆ ಬಂದು ಯುಗಾದಿ ಊಟ ಮುಗಿಸಿಕೊಂಡು ಹೋಗ್ತೈತಿ."

"ಜ್ವರ?"

"ಇಲ್ರಿ."

"ಮೈಕೈ ನೋವು?"

"ದುಡಿಯೋ ಮೈ ಐತಿ, ನೋವು ಇದ್ದಾ ಇರ್ತೈತಿ. ನೆಗಡಿದು ಅಂತ ಬ್ಯಾರೆ ಏನಿಲ್ಲ."

"ಕಣ್ಣು ಕಡಿತಾವಾ?"

"ಕಿತ್ತು ಕೈಯಾಗ ಇಟ್ಕೊಳ್ಳೋಣ ಅನ್ನೋ ಹಂಗ ಕಡಿತಾವ್ರಿ. ಕಿವಿ ಒಳಗ, ಅಂಗುಳದಾಗ, ಎಲ್ಲಾ ಕಡಿ." ಅಂಗುಳ ಕಡಿದಾಗ ನಾನು ನಾಲಿಗೆಯಿಂದ ಕೆರೆದುಕೊಳ್ಳುವ ಸದ್ದನ್ನು ಮಾಡಿ ತೋರಿಸಿದೆ. ಕೋಳಿ ಕರೆದ ಹಾಗಿತ್ತು. ಅವರು ನಕ್ಕರು.

"ಸುರಿಯೋದು ಹೆಂಗಿರ್ತೈತಿ? ಗಟ್ಟಿನಾ, ತೆಳುವಾ?"

"ನೀರಂದ್ರ ನೀರಾರಿ."

ಕೊನೆಗೆ ಅವರು ಇನ್ನೊಂದು ಪ್ರಶ್ನೆ ಕೇಳಿದರು. "ಇಷ್ಟು ವರ್ಷದಾಗ ನಿಮ್ಮಿಂದ ಮನ್ಯಾಗ ಯಾರಿಗಾದ್ರೂ ಹತ್ತೈತಾ?"

ನಾನು ಒಂದೊಂದೇ ವರ್ಷ ಹಿಂದಕ್ಕೆ ಎಣಿಸಿದೆ. ಹತ್ತಿರಲಿಲ್ಲ. ಒಂದು ವರ್ಷವೂ ಹತ್ತಿರಲಿಲ್ಲ. ಹೆಂಡತಿ ನನ್ನ ತಟ್ಟೆಯಲ್ಲೇ ಉಣ್ಣುತ್ತಾಳೆ. ಮಗಳು ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೇ ಮಲಗುತ್ತಿದ್ದಳು. ಬೇರೆ ಯಾರಿಗೋ ನೆಗಡಿ ಬಂದರೆ ಇಡೀ ಓಣಿ ಸುತ್ತಿ ಬರುತ್ತದೆ. ನನ್ನದು ಮಾತ್ರ ನನ್ನ ಮೂಗಲ್ಲೇ ಹುಟ್ಟಿ ನನ್ನ ಮೂಗಲ್ಲೇ ಸಾಯುತ್ತಿತ್ತು.

"ಇದು ಹತ್ತೋ ನೆಗಡಿ ಅಲ್ಲ ಅನ್ನಸ್ತೈತ್ರಿ," ಎಂದರು ಡಾಕ್ಟರಮ್ಮ. "ಹತ್ತೋದು ಅಂದ್ರ ವೈರಸ್ಸು. ಅದು ಬಂದ್ರ ಒಂದು ವಾರ, ಹತ್ತು ದಿನ ಇರ್ತೈತಿ, ಹೋಗ್ತೈತಿ. ತಿಂಗಳುಗಟ್ಟಲೆ, ಅದೂ ವರ್ಷಾ ಅದಾ ಕಾಲಕ್ಕ, ಇಷ್ಟು ಕಡಿತ ಇಟ್ಕೊಂಡು ಬರಂಗಿಲ್ಲ. ಇದು ಅಲರ್ಜಿ. ಯಾವುದೋ ಹೂವಿನ ಹುಡಿ ಮೂಗಿಗೆ ಹೋಗ್ತೈತಿ, ನಿಮ್ಮ ಮೈ ಅದರ ಜೋಡಿ ಸುಮ್ನ ಜಗಳಕ್ಕ ಬೀಳ್ತೈತಿ. ಏನು ಕೆಲ್ಸ ಮಾಡ್ತೀರಿ?"

"ಬಳ್ಳಾರಿ ಜಾಲಿ ಕಡಿಸ್ತೀನ್ರಿ."

ಅವರು ಪೆನ್ನು ಕೆಳಗಿಟ್ಟರು. "ಮತ್ತ ಹುಡುಕಾಕ ಎಲ್ಲಿಗೆ ಹೋಗೋಣ?"

ನನಗೆ ಸಿಟ್ಟು ಬಂತು. ಆ ಗಿಡ ನನಗೆ ಅನ್ನ ಹಾಕಿದೆ, ಮಗಳ ಮದುವೆ ಮಾಡಿದೆ. "ಅಲ್ರಿ ಅಮ್ಮಾರೆ, ಇದು ಅದಿರಿನ ಧೂಳು. ಸಂಡೂರಾಗ ವರ್ಷಗಟ್ಟಲೆ ಕುಡಿದೀನಿ. ಅದಾ ಈಗ ಹೊರಗ ಬರಾಕ ಹತ್ತೈತಿ."

"ಧೂಳೂ ಮೂಗು ಕೆಣಕ್ತೈತ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಧೂಳು ವರ್ಷಪೂರ್ತಿ ಇರ್ತೈತಲ್ಲ? ನೀವಾ ವಿಚಾರ ಮಾಡ್ರಿ."

ಮೂಗಿಗೆ ಹೊಡೆದುಕೊಳ್ಳುವ ಒಂದು ಸ್ಪ್ರೇ, ನಿದ್ದೆ ಅಷ್ಟಾಗಿ ಬರಿಸದ ಒಂದು ಗುಳಿಗೆ ಬರೆದರು. ಮೆಳೆಯಿಂದ ಬಂದಕೂಡಲೇ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು, ಕೆಲಸದಲ್ಲಿ ಮಾಸ್ಕ್ ಹಾಕಬೇಕು, ಎದೆಯಲ್ಲಿ ಗೊರಗೊರ ಎಂದರೆ ತಡಮಾಡದೆ ಬರಬೇಕು ಎಂದರು. ಎದ್ದು ನಿಂತವನನ್ನು ಮತ್ತೆ ಕೂರಿಸಿದರು.

"ಇನ್ನೊಂದು ಕೇಳ್ರಿ. ಅಲರ್ಜಿ ಐತಿ ಅಂತ ನಿಮಗ ಖರೇ ನೆಗಡಿ ಬರಂಗಿಲ್ಲ ಅಂತಿಲ್ಲ. ಗಂಟಲು ನೋವು, ಮೈಕೈ ನೋವು, ಬೆಚ್ಚಗಾಗೋದು, ಇಂಥವು ಬಂದ್ರ ಅದು ಬ್ಯಾರೆ. ಜ್ವರ ಇಲ್ಲ ಅಂದ್ರೂ ಅದು ನೆಗಡಿ ಇರಬಹುದು. ಅನುಮಾನ ಬಂತಾ, ಕೂಸಿನಿಂದ ದೂರ ಇರ್ರಿ. ಸಣ್ಣ ಜೀವ ಅದು."

ಕಂಪ್ಲಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಎರಡೂ ಬದಿಗೆ ಜಾಲಿ. ಎಲ್ಲ ಬತ್ತಿಗಳೂ ಹೊತ್ತಿಕೊಂಡ ಹಾಗೆ ಹಳದಿ. ಡಾಕ್ಟರಮ್ಮ ವಿಚಾರ ಮಾಡಿ ಎಂದಿದ್ದರಲ್ಲ, ಮಾಡಿದೆ. ಗಣಿಗಳು ನಡೆಯುತ್ತಿದ್ದಾಗ ಸಂಡೂರಿನ ರಸ್ತೆ, ಮನೆ, ಎಮ್ಮೆಯ ಬೆನ್ನು ಎಲ್ಲ ಕೆಂಪು. ಗಣಿ ನಿಂತಾಗ ಒಂದೇ ಮಳೆಗೆ ಗಿಡಗಳ ಎಲೆಗೆ ಹಸಿರು ಬಂತು. ತೋರಣಗಲ್ಲಿನವರೆಗೆ ಲಾರಿಗಳ ಸಾಲೇ ಇಲ್ಲ. ಆ ವರ್ಷ ಕೆಲಸವಿಲ್ಲದೆ ಚೋರನೂರಿನ ಕಟ್ಟೆಯ ಮೇಲೆ ಕುಳಿತಿದ್ದೆನಲ್ಲ, ಶಿವರಾತ್ರಿಗೆ ಸೀನಿದ್ದೆನೋ ಇಲ್ಲವೋ? ಸೀನಿದ್ದೆ. ಕಟ್ಟೆಯವರೆಲ್ಲ ನಕ್ಕದ್ದೂ ನೆನಪಾಯಿತು. ಇನ್ನೊಮ್ಮೆ ಇದೇ ದಿನಗಳಲ್ಲಿ ಧರ್ಮಸ್ಥಳಕ್ಕೆ ಹೋಗಿದ್ದೆವು. ಘಟ್ಟ ಇಳಿದ ಮೇಲೆ ಮೂಗು ತಣ್ಣಗಾಗಿತ್ತು. ಅದು ಸ್ವಾಮಿಯ ಮಹಿಮೆ ಎಂದು ಹೆಂಡತಿ ಕೈಮುಗಿದಿದ್ದಳು. ಬಸ್ಸು ವಾಪಸು ನಮ್ಮ ಸೀಮೆಗೆ ಬಂದಕೂಡಲೇ ಮತ್ತೆ ಶುರು. ನಾನು ಅದಿರಿನ ಮೇಲೆ ಹೊರಿಸಿದ್ದೆಲ್ಲ ಜಾಲಿಯದೇ.

ಮನೆಗೆ ಬಂದು ಹೇಳಿದೆ. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು ತೀರ್ಪು ಕೊಟ್ಟಳು: "ಹಂಗಾದ್ರ ಇದು ಗಿಡದ ನೆಗಡಿ. ಮಂದಿ ನೆಗಡಿ ಅಲ್ಲ." ಅಂದಿನಿಂದ ನಮ್ಮ ಮನೆಯಲ್ಲಿ ಎರಡಕ್ಕೂ ಅವೇ ಹೆಸರು. ಆದರೆ ಲೋಬಾನ ಬಿಡು ಎಂದಾಗ ಅವಳು ಸುಲಭಕ್ಕೆ ಒಪ್ಪಲಿಲ್ಲ.

"ನಮ್ಮವ್ವನ ಕಾಲದಿಂದ ಹಾಕೇವಿ. ನಾವೇನು ಸತ್ವೇನು?"

"ಅವ್ವಾ, ಕೂಸಿಗೂ ಹೊಗಿ ಚಲೋ ಅಲ್ಲಂತ," ಎಂದಳು ಮಗಳು. "ನಿನ್ನ ಮುಂದನಾ ಹೇಳಿದ್ರಲ್ಲ ಡಾಕ್ಟರು. ಕಿವಿ ಎಲ್ಲಿಟ್ಟಿದ್ದಿ?"

ಕೆಂಡದ ಬಟ್ಟಲು ಹಿತ್ತಲಿಗೆ ಹೋಯಿತು. ಕಿಟಕಿಯ ಕೆಳಗಿನ ಕಟ್ಟಿಗೆಯನ್ನು ನಾನು ಬೀದಿಯ ಆಚೆಗೆ ಸಾಗಿಸಿದೆ. ಸಂಜೆ ಬಂದಕೂಡಲೇ ಹಿತ್ತಲಿನ ನಳದ ಕೆಳಗೆ ತಲೆಯಿಂದ ಸ್ನಾನ, ಬಟ್ಟೆ ಅಲ್ಲೇ ಬಕೆಟ್ಟಿಗೆ. ಸ್ಪ್ರೇ ಮೊದಲ ದಿನ ಏನೂ ಮಾಡಲಿಲ್ಲ, ನಾನು ಬೈದೆ. ದಿನಾ ಬಿಡದೆ ಹೊಡೆದುಕೊಂಡ ಮೇಲೆ ಒಂದು ಬೆಳಿಗ್ಗೆ ಚಹಾದ ಶುಂಠಿ ವಾಸನೆ ಮೂಗಿಗೆ ಬಂತು. ಆ ತಿಂಗಳಲ್ಲಿ ಯಾವ ವರ್ಷವೂ ನನಗೆ ವಾಸನೆ ಹತ್ತಿದ್ದೇ ಇಲ್ಲ.

ಅವತ್ತು ಹೆಂಡತಿ ಬಾಗಿಲಿನಿಂದ ಸರಿದು ನಿಂತಳು. ಕೈತೊಳೆದು, ಒಗೆದ ಬನಿಯನ್ ಹಾಕಿಕೊಂಡು ಒಳಗೆ ಹೋದೆ. ಮಗಳು ಕೂಸನ್ನು ನನ್ನ ತೊಡೆಯ ಮೇಲಿಟ್ಟಳು. ಕ್ವಿಂಟಲ್‌ಗಟ್ಟಲೆ ಕಟ್ಟಿಗೆ ಎತ್ತಿದ ಕೈಯಿಂದ ಎರಡೂ ಬದಿಗೆ ಬಿಗಿಯಾಗಿ ಹಿಡಿದೆ.

"ಅಪ್ಪಾ, ಕಟ್ಟಿಗಿ ಹಿಡಿದಂಗ ಹಿಡಿಬ್ಯಾಡ. ತಲಿ ಕೆಳಗ ಕೈ ಕೊಡು."

ಕೊಟ್ಟೆ. ಕೂಸು ಕಣ್ಣು ಬಿಟ್ಟು, ನನ್ನ ಮುಖವನ್ನು ದಾಟಿ ಎಲ್ಲೋ ನೋಡಿ, ಮತ್ತೆ ಮಲಗಿತು. ಆಮೇಲೆ ದಿನಾ ಸಂಜೆ ಅದೇ ಕೆಲಸ.

ಒಂದು ವಿಷಯ ಗೊತ್ತಾದರೆ ನಾಲ್ಕು ಜನಕ್ಕೆ ಹೇಳದೆ ಇರುವವನಲ್ಲ ನಾನು. ಚಹಾದಂಗಡಿಯಲ್ಲಿ ಯಾರು ಸೀನಿದರೂ ನಾನೇ ಡಾಕ್ಟರು. ಕಣ್ಣು ಕಡಿತಾವಾ, ಅಂಗುಳ ಕಡಿತೈತಾ ಎಂದು ಕೇಳುವುದು, ಉತ್ತರ ಬರುವ ಮೊದಲೇ "ಜಾಲಿ, ಜಾಲಿ" ಎನ್ನುವುದು. ಟ್ರ್ಯಾಕ್ಟರ್ ಓಡಿಸುವ ನನ್ನ ಗೆಳೆಯ ಯುಗಾದಿಯ ಮರುದಿನ ಕೆಮ್ಮುತ್ತಾ ಬಂದ.

"ಮೈಯಾಗ ಸರಿ ಇಲ್ಲೋ. ಗಂಟಲು ಕತ್ತರಿಸಿದಂಗ ಆಗೈತಿ. ಇವತ್ತು ಮಲಗ್ತೀನಿ," ಎಂದ.

"ಏ, ನಿಂದೂ ಜಾಲಿನಾ ಲೇ. ಮಾಸ್ಕ್ ಹಾಕ್ಕೊಂಡು ಬಾ. ಭಟ್ಟಿಯೋರು ಬಾಯಿ ಬಡ್ಕೊಳ್ಳಾಕ ಹತ್ಯಾರ."

"ಕಣ್ಣೇನೂ ಕಡಿವಲ್ವು."

"ಕಡಿತಾವ, ನಾಳಿ ಕಡಿತಾವ."

ಅವನು ನಕ್ಕು ಟ್ರ್ಯಾಕ್ಟರ್ ಹತ್ತಿದ. ದಿನವಿಡೀ ಮಗ್ಗುಲಲ್ಲಿ ಕುಳಿತು ಹೋದೆವು, ಬಂದೆವು. ಒಂದೇ ಚರಿಗೆಯಲ್ಲಿ ನೀರು ಕುಡಿದೆವು, ಒಂದೇ ಡಬ್ಬಿಯ ಚಿತ್ರಾನ್ನ ತಿಂದೆವು. ಮರುದಿನ ಅವನು ಏಳಲಿಲ್ಲ. ಜ್ವರ ಬಂದು ಹೊದ್ದು ಮಲಗಿದ್ದಾನೆ ಎಂದು ಅವನ ಮನೆಯಿಂದ ಫೋನು ಬಂತು.

ಅದೇ ವಾರದ ಕೊನೆಗೆ ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ಗೊತ್ತಾಗಿತ್ತು. ಬೀಗರದು ಹೊಳೆಯಾಚೆ ಗಂಗಾವತಿ ಕಡೆಯ ಊರು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ: ಹುಟ್ಟಿದ ಕೂಸು ಮೊದಲ ಸಲ ಹೊಳೆ ದಾಟುವಾಗ ಗಾಡಿಯಲ್ಲಿ ಹೋಗಬಾರದು. ತಾಯಿಯ ತಂದೆ ಎದೆಗೆ ಅವಚಿಕೊಂಡು, ನಡೆದು ದಾಟಿಸಿ, ಆಚೆ ದಂಡೆಯಲ್ಲಿ ಆ ಮನೆಯವರ ಕೈಗೆ ಕೊಡಬೇಕು. ನನ್ನ ಮಗಳು ಕೂಸಾಗಿದ್ದಾಗ ಅವಳನ್ನು ನನ್ನ ಮಾವ ಹಾಗೇ ದಾಟಿಸಿ ನನ್ನ ಕೈಗೆ ಕೊಟ್ಟಿದ್ದರು. ಯಾವಾಗ ನನ್ನ ಸರದಿ ಬರುತ್ತದೋ ಎಂದು ಕಾಯುತ್ತಿದ್ದೆ. ಹೊಸ ಪಂಚೆ ಇಸ್ತ್ರಿಯಾಗಿ ಗೂಟಕ್ಕೆ ಜೋತಾಡುತ್ತಿತ್ತು.

ಆ ಬೆಳಿಗ್ಗೆ ಎದ್ದು ಉಗುಳು ನುಂಗಿದೆ. ಗಂಟಲಲ್ಲಿ ಮುಳ್ಳು ಚುಚ್ಚಿತು.

ಹಾಸಿಗೆಯ ಮೇಲೇ ಕುಳಿತು ಯೋಚಿಸಿದೆ. ಹಿಂದಿನ ದಿನ ಕೆಲಸಕ್ಕೆ ಹೋಗಿರಲಿಲ್ಲ, ಆದರೂ ಸೊಂಟ, ಮೊಣಕಾಲು ಗುದ್ದಿಸಿಕೊಂಡ ಹಾಗಿದ್ದವು. ಮೂಗು ಕಟ್ಟಿತ್ತು. ಕಣ್ಣು ಉಜ್ಜಿ ನೋಡಿಕೊಂಡೆ, ಕಡಿತ ಇಲ್ಲ. ನಾಲಿಗೆಯಿಂದ ಅಂಗುಳ ಮುಟ್ಟಿದೆ, ಅಲ್ಲೂ ಇಲ್ಲ. ಇಷ್ಟು ವರ್ಷ ಬೈದುಕೊಂಡು ಬಂದ ಕಡಿತ ಒಮ್ಮೆ ಬರಲಿ ಎಂದು ಆಸೆಪಟ್ಟೆ. ಸ್ಪ್ರೇ ಹೊಡೆದುಕೊಂಡು ಅರ್ಧ ಗಂಟೆ ಸುಮ್ಮನೆ ಕುಳಿತೆ, ಅದು ತಕ್ಷಣಕ್ಕೆ ಕೆಲಸ ಮಾಡುವುದಲ್ಲ ಎಂದು ಗೊತ್ತಿದ್ದರೂ. ಕೂಸಿಗೆಂದು ತಂದಿಟ್ಟ ಜ್ವರ ನೋಡುವ ಕಡ್ಡಿ ಪಡಸಾಲೆಯ ಗೂಡಿನಲ್ಲಿತ್ತು. ಕಂಕುಳಲ್ಲಿ ಇಟ್ಟುಕೊಂಡೆ. ಬೆಚ್ಚಗಿತ್ತು, ಅಷ್ಟೇನೂ ಹೆಚ್ಚಿಲ್ಲ. ತೊಳೆದು ಇಟ್ಟೆ.

ಒಂದು ಸೀನು ಬಂತು. ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಶುರುವಾತು ನಿಮ್ಮ ಜಾಲಿ! ಗುಳಿಗಿ ತಗೊಂಡ್ರೇನ್ರಿ?"

ಯಾರೂ ಏನೂ ಅನ್ನುವಂತಿರಲಿಲ್ಲ. ಸೀನಿದರೆ ಜಾಲಿ ಎಂದು ಮನೆಗೆ, ಓಣಿಗೆ, ಬೀಗರಿಗೆ ನಾನೇ ಹೇಳಿ ಒಪ್ಪಿಸಿದ್ದೆ. ಹೊರಗೆ ಗಿಡದಲ್ಲಿ ಹೂವೂ ಇತ್ತು. ಸುಮ್ಮನೆ ಪಂಚೆ ಉಟ್ಟು ಕೂಸನ್ನು ಎತ್ತಿಕೊಂಡರೆ ಆಯಿತು, ಸೇತುವೆ ಎಷ್ಟು ಉದ್ದ ಇದ್ದೀತು? ಆದರೆ ಎದೆಗೆ ಅವಚಿಕೊಂಡಾಗ ಅದರ ಮೂಗು ನನ್ನ ಗಂಟಲಿಗೆ ತಾಗುತ್ತದೆ. ಸಂಜೆ ಸಂಜೆ ತಾಗಿ ನನಗೆ ಗೊತ್ತು.

ಬೀಗರು ಕಾರು ತಂದರು. ಬೀಗರು ಅಂದರೆ ಅಳಿಯನ ತಂದೆ, ಗಟ್ಟಿ ದನಿಯ ಭತ್ತದ ರೈತ. ನಾನು ಅಂಗಳದ ಬೇವಿನ ಕೆಳಗೆ, ಮಾಸ್ಕ್ ಹಾಕಿಕೊಂಡು ದೂರ ನಿಂತು ಕೈಮುಗಿದೆ.

"ಏನ್ ಬೀಗ್ರೆ, ಮದುಮಗಳಂಗ ಮುಖ ಮುಚ್ಕೊಂಡ್ರಿ?"

"ಮೈಯಾಗ ಸರಿ ಇಲ್ರಿ. ಹತ್ರ ಬರಬ್ಯಾಡ್ರಿ. ಕೂಸಿನ್ನ ಇವತ್ತು ನೀವಾ ದಾಟಿಸ್ರಿ."

ಅವರ ನಗು ನಿಂತಿತು. ಹೆಂಡತಿ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದಳು. "ಅದು ಗಿಡದ ನೆಗಡಿರೀ ಅಣ್ಣಾರೆ, ಹತ್ತಂಗಿಲ್ಲ. ಡಾಕ್ಟರಾ ಹೇಳ್ಯಾರ. ಏನ್ರೀ, ನೀವಾ ಊರಿಗೆಲ್ಲಾ ಸಾರಿ ಬಂದ್ರಿ, ಈಗೇನು?"

"ಇದು ಗಿಡದ್ದಲ್ಲಲೇ. ಮಂದಿದು."

"ನಿಮಗೆಂಗ ಗೊತ್ತು?"

"ಗಂಟಲು ನೋಯ್ತೈತಿ. ಕಣ್ಣು ಕಡಿವಲ್ವು. ಜ್ವರ ಐತಿ, ನೋಡಿಕೊಂಡೀನಿ. ಗೆಳೆಯನ ಜೋಡಿ ಟ್ರ್ಯಾಕ್ಟರ್‌ನಾಗ ಕುಂತು ತಂದೀನಿ."

ಬೀಗರು ಹಗುರ ಮಾಡಲು ನೋಡಿದರು. "ಜಾಲಿ ಮುಳ್ಳಿಗೆ ಹೆದರದ ಗಂಡಸು, ಇಷ್ಟು ನೆಗಡಿಗೆ ಹೆದರೋದೇನ್ರಿ? ಬಾಯಿಗೆ ಬಟ್ಟಿ ಕಟ್ಕೊಂಡು ಎತ್ಕೊಳ್ರಿ. ಪದ್ಧತಿ ತಪ್ಪಬಾರದು."

"ನನಗ ಹೆದರಿಕಿ ಇಲ್ರಿ. ಅದರ ಎದಿ ಸಣ್ಣದು."

ಮಗಳು ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತು ಎಲ್ಲ ಕೇಳುತ್ತಿದ್ದಳು. "ಅಪ್ಪಾ, ಹಂಗಾದ್ರ ಮುಂದಿನ ವಾರ ಹೋಗೋಣು. ನೀನಾ ದಾಟಿಸುವಂತಿ," ಎಂದಳು. ಅವಳಿಗೆ ನನ್ನ ಪಂಚೆ ಕಂಡಿರಬೇಕು.

ಅದೂ ಆಗದು. ನೆಗಡಿ ಈ ಮನೆಯೊಳಗೆ ಬಂದು ಕುಳಿತಿದೆ. ಒಂದು ವಾರ ಅದರ ಜೊತೆ ಕೂಸನ್ನು ಇಟ್ಟುಕೊಂಡರೆ ದೂರ ನಿಂತು ಏನು ಬಂತು? "ಇವತ್ತಾ ಹೋಗಬೇಕವ್ವ. ಜಲ್ದಿ ಹೋದಷ್ಟು ಚಲೋ," ಎಂದೆ. ಮಗಳು ಒಳಗೆ ಹೋಗಿ ಚೀಲ ತಂದಳು.

ಸೇತುವೆಯವರೆಗೆ ಅವರು ಕಾರಿನಲ್ಲಿ ಬಂದರು, ನಾನು ನನ್ನ ಬೈಕಿನಲ್ಲಿ. ಬೇಸಿಗೆಯ ಹೊಳೆ, ನೀರು ಬಂಡೆಗಳ ನಡುವೆ ಅಲ್ಲಲ್ಲಿ ಇತ್ತು. ಹೆಂಡತಿ ಅರಿಶಿನ ಕುಂಕುಮ ನೀರಿಗೆ ಬಿಟ್ಟಳು. ಬೀಗರು ಚಪ್ಪಲಿ ಬಿಟ್ಟು, ಕೂಸನ್ನು ಎದೆಗೆ ಅವಚಿಕೊಂಡು ಒಂದು ಬದಿಯಲ್ಲಿ ನಡೆದರು. ನಾನು ಇನ್ನೊಂದು ಬದಿಯಲ್ಲಿ, ಗಾಳಿ ಅವರ ಕಡೆಯಿಂದ ನನ್ನ ಕಡೆ ಬೀಸುವಂತೆ ನೋಡಿಕೊಂಡು, ಸ್ವಲ್ಪ ಹಿಂದೆ ನಡೆದೆ. ನಡುವೆ ಲಾರಿಗಳು ಹೋಗಿಬರುತ್ತಿದ್ದವು. ಒಂದು ಲಾರಿ ದಾಟಿದಾಗ ಅವರ ಹೆಗಲ ಮೇಲೆ ಟೋಪಿ ಕಾಣುವುದು, ಮತ್ತೊಂದು ಬಂದರೆ ಮುಚ್ಚುವುದು. ಆಚೆ ದಂಡೆಯಲ್ಲಿ ಅಳಿಯ ಕಾಯುತ್ತಿದ್ದ. ಕೊಡುವವರೂ ಅವರೇ, ತೆಗೆದುಕೊಳ್ಳುವವರೂ ಅವರೇ ಆಯಿತು. ಬೀಗರು ಅತ್ತಲಿಂದ ನನಗೆ ಕೈ ಎತ್ತಿ ತೋರಿಸಿದರು. ನಾನೂ ಎತ್ತಿದೆ.

ಮನೆಗೆ ಬಂದ ಮೇಲೆ ಹೆಂಡತಿಗೆ ನನ್ನ ಮೇಲೆ ಸಿಟ್ಟು. ಊಟ ಬಡಿಸಿ ಅಡುಗೆಮನೆಗೆ ಹೋದಳು. ಪದ್ಧತಿ ತಪ್ಪಿಸಿದೆನೆಂದೋ, ತನ್ನ ಮಾತನ್ನು ಬೀಗರ ಮುಂದೆ ಸುಳ್ಳು ಮಾಡಿದೆನೆಂದೋ ನನಗೆ ತಿಳಿಯಲಿಲ್ಲ. ಆ ರಾತ್ರಿ ಜ್ವರ ಏರಿತು. ನಾಲ್ಕೈದು ದಿನ ಕೆಮ್ಮುತ್ತಾ ಮಲಗಿದೆ. ಮೂಗಿನಲ್ಲಿ ಗಟ್ಟಿಯಾಗಿ ಬರತೊಡಗಿತು.

ಮೂರನೆಯ ದಿನಕ್ಕೆ ಹೆಂಡತಿ ಬಂದು ನನ್ನ ಮುಂದೆ ಕುಳಿತಳು. ಸೆರಗು ಹೊದ್ದಿದ್ದಳು. "ಏನ್ರೀ, ಗಂಟಲು ನೋಯಾಕ ಹತ್ತೈತಿ ನನಗೂ."

"ಕಣ್ಣು?"

"ಕಣ್ಣಿಗೇನಾಗೈತಿ? ಚಲೋ ಅದಾವ." ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಮೆಲ್ಲಗೆ, "ಇಷ್ಟು ವರ್ಷದಾಗ ಒಮ್ಮೆನೂ ನಿಮ್ಮದು ನನಗ ಹತ್ತಿರಲಿಲ್ಲ," ಎಂದಳು.

ಅವಳಿಗೆ ಇನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಅದೇ ಗಳಿಗೆಯಿಂದ ಇಬ್ಬರಿಗೂ ಹೊಸ ಭಯ ಹತ್ತಿತು. ಮಗಳು ಹೋಗುವ ಬೆಳಿಗ್ಗೆ ಕೂಸಿಗೆ ನೀರು ಹಾಕಿದವಳು ಹೆಂಡತಿ. ಅದರ ಹಿಂದಿನ ಸಂಜೆ ನನ್ನ ತೊಡೆಯ ಮೇಲೆ ಕೂಸು ಇತ್ತು, ಆಗಲೇ ಅದು ನನ್ನೊಳಗೆ ಇದ್ದಿರಬಹುದು. ದಿನಾ ಹೊತ್ತು ಹೊತ್ತಿಗೆ ಫೋನು ಮಾಡಿದೆವು. ಹಾಲು ಕುಡಿತೈತಾ, ಮೂಗು ಕಟ್ಟೈತಾ, ಉಸಿರಾಡೋವಾಗ ಪಕ್ಕಿ ಒಳಗ ಹೋಗ್ತಾವಾ. ಕೇಳಿ ಕೇಳಿ ಮಗಳಿಗೆ ಬೇಸರ ಬಂತು.

"ಚಲೋ ಐತಪ್ಪಾ. ಕುಡಿತೈತಿ, ಮಲಗ್ತೈತಿ, ಮೈಮ್ಯಾಲೆ ಉಚ್ಚಿ ಹೊಯ್ತೈತಿ. ಇನ್ನೇನು ಬೇಕು ನಿನಗ?"

ನಾನು ಕರಿಮೆಣಸು, ಶುಂಠಿ ಕುದಿಸಿ ಹೆಂಡತಿಗೆ ಕೊಟ್ಟೆ. ಗಂಜಿ ಮಾಡಿದೆ, ತಳ ಹಿಡಿಯಿತು. ಗೆಳೆಯನಿಗೂ ಒಂದು ಡಬ್ಬಿ ಒಯ್ದು, ಅವನ ಬಾಗಿಲ ಹೊರಗೆ ನಿಂತು ಕೂಗಿದೆ.

"ಕಣ್ಣು ಇನ್ನೂ ಕಡಿದಿಲ್ಲ ನೋಡಪ್ಪ ಡಾಕ್ಟರ," ಎಂದ ಅವನು ಒಳಗಿನಿಂದ.

ಇಬ್ಬರ ಜ್ವರವೂ ಇಳಿದು, ಕೆಮ್ಮು ಪೂರ್ತಿ ಹೋದ ಮೇಲೂ ಕೆಲವು ದಿನ ಕಾದೆವು. ಅವಸರ ಮಾಡಿದವನು ನಾನು; ತಡೆದವಳು ಹೆಂಡತಿ. ಆಮೇಲೆ ಒಂದು ಭಾನುವಾರ ಗಂಗಾವತಿ ಬಸ್ಸು ಹತ್ತಿದೆವು.

ಬೀಗರ ಮನೆಯ ಮುಂದೆಯೂ ಕಾಲುವೆ, ಕಾಲುವೆಯ ದಂಡೆಗೆ ಜಾಲಿ. ಯುಗಾದಿ ಕಳೆದರೂ ಕಾಲುವೆಯ ನೀರಿಗೆ ಅಲ್ಲಲ್ಲಿ ಹೂವು ಉಳಿದಿತ್ತು. ಅಂಗಳಕ್ಕೆ ಕಾಲಿಡುವಷ್ಟರಲ್ಲಿ ನನಗೆ ಒಂದರ ಹಿಂದೊಂದು ಸೀನು ಬಂದವು. ಬೀಗರು ಕಟ್ಟೆಯಿಂದ ಎದ್ದವರು ಅಲ್ಲೇ ನಿಂತರು. ಒಳಗಿನಿಂದ ಬಂದ ಮಗಳೂ ಬಾಗಿಲಲ್ಲೇ ನಿಂತಳು.

"ಯಾವುದ್ರಿ ಬೀಗ್ರೆ ಇದು?" ಎಂದರು ಅವರು.

ನಾನು ಉತ್ತರ ಕೊಡುವ ಮೊದಲು ಕಣ್ಣು, ಅಂಗುಳ, ಗಂಟಲು, ಮೈ, ಎಲ್ಲವನ್ನೂ ಒಮ್ಮೆ ವಿಚಾರಿಸಿಕೊಂಡೆ. ಕಣ್ಣು ಕಿತ್ತು ಬರುವಂತೆ ಕಡಿಯುತ್ತಿತ್ತು. ಗಂಟಲು ತಣ್ಣಗಿತ್ತು.

"ಗಿಡದ್ದು," ಎಂದೆ.

ಅವರು ಹೆಂಡತಿಯ ಮುಖ ನೋಡಿದರು. "ಅವರು ಹೇಳಿದ್ರ ಖರೇರಿ ಅಣ್ಣಾರೆ," ಎಂದಳು ಅವಳು.

ಕೈಕಾಲು, ಮುಖ ತೊಳೆದೆ. ಬಸ್ಸಿನ ಅಂಗಿ ತೆಗೆದು, ಹೆಂಡತಿ ಚೀಲದಲ್ಲಿ ತಂದಿದ್ದ ಒಗೆದ ಅಂಗಿ ಹಾಕಿಕೊಂಡೆ. ಹೇಗೂ ಇರಲಿ ಎಂದು ಮಾಸ್ಕನ್ನೂ ಹಾಕಿಕೊಂಡೆ. ಮಗಳು ಕೂಸನ್ನು ನನ್ನ ಕೈಗೆ ಕೊಟ್ಟಳು. ಭಾರವಾಗಿತ್ತು, ಕೆನ್ನೆ ತುಂಬಿಕೊಂಡಿತ್ತು. ಎದೆಗೆ ಅವಚಿಕೊಂಡಾಗ ಅದರ ಬೆರಳಿಗೆ ಮಾಸ್ಕಿನ ದಾರ ಸಿಕ್ಕಿತು, ಹಿಡಿದುಕೊಂಡಿತು. ನಾನು ಬಿಡಿಸಲು ಹೋಗಲಿಲ್ಲ.